ಕಿಡಿ ಕಳಕೊಂಡ ಅಂಬಾಸಿಡರ್: ಸಾಮಾನು ಹೊಸದು, ರೋಗ ಹಳೇದು!

ಶಿವಮೊಗ್ಗದ ಅಶೋಕ ಸರ್ಕಲ್. ಬೆಳಿಗ್ಗೆ ಒಂಬತ್ತೂವರೆ ಗಂಟೆ. ಆಫೀಸಿನವರು, ಕಾಲೇಜು ಹುಡುಗರು, ಹಳ್ಳಿಯಿಂದ ಸಂತೆಗೆ ಬಂದವರು ಎಲ್ಲ ಸೇರಿ ಸಿಟಿ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಬಸ್ಸು ಮುಂದೆ ಹೋಗುವ ಹಾಗೂ ಇಲ್ಲ. ಯಾಕಂದ್ರೆ ಅದರ ಮೂತಿಗೆ ಅಡ್ಡಲಾಗಿ ನಿಂತಿದೆ ಒಂದು ಅಂಬಾಸಿಡರ್ ಕಾರು!

ಕಾರು ಹಳೇದು, ಬಣ್ಣ ಹೊಸದು. ಕೆನೆ ಬಣ್ಣದ ಮೈ ಮದುಮಗನ ಹಾಗೆ ಮಿಂಚುತ್ತಿದೆ. ಬಂಪರಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು. ಆದರೆ ಬಾನೆಟ್ಟಿನ ಒಳಗೆ ಉಸಿರೇ ಇಲ್ಲ.

"ಸಾವ್ಕಾರ್ರೇ, ಗುಜರಿಗೆ ಹಾಕಿ ಆರಾಮಾಗಿರಿ!" ಅಂತ ಬಸ್ಸಿನ ಕಿಟಕಿಯಿಂದ ಒಬ್ಬ ಕೂಗಿದ. ಬಸ್ಸಿನ ತುಂಬ ನಗು. ಕಂಡಕ್ಟರ್ ಕೆಳಗಿಳಿದು ನಾಲ್ಕು ಹುಡುಗರನ್ನು ಕರೆದ. ತಳ್ಳು, ತಳ್ಳು! ಕಾರು ರಸ್ತೆ ಬದಿ ಸೇರಿತು. ಗಾಂಧಿಬಜಾರಿನ ಪಾತ್ರೆ ಅಂಗಡಿಯ ಸಾಹುಕಾರರು ಸ್ಟೇರಿಂಗ್ ಹಿಡಿದು ತಲೆ ತಗ್ಗಿಸಿ ಕೂತೇ ಇದ್ದರು. ಒಂದೇ ತಿಂಗಳಲ್ಲಿ ಇದು ಮೂರನೇ ಸಲ.

ಮಜಾ ಅಂದ್ರೆ, ಬಸ್ಸು ಹೋಗಿ ಐದು ನಿಮಿಷಕ್ಕೆ ಸೆಲ್ಫ್ ಹೊಡೆದರೆ ಕಾರು ಏನೂ ಆಗೇ ಇಲ್ಲ ಅನ್ನೋ ಹಾಗೆ ಗುರ್ ಅಂತ ಶುರುವಾಯಿತು!

ಅಪ್ಪನ ಕಾರು

ಇದು 1968ರ ಮಾರ್ಕ್-2 ಅಂಬಾಸಿಡರ್. ಸಾಹುಕಾರರ ತಂದೆ ಪಾತ್ರೆ ವ್ಯಾಪಾರದಲ್ಲಿ ಕಾಸಿಗೆ ಕಾಸು ಕೂಡಿಸಿ ಕೊಂಡದ್ದು. ಅಂಬಾಸಿಡರ್ ಅಂದರೆ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. 1950ರ ದಶಕದ ಕೊನೆಗೆ ಹಿಂದೂಸ್ತಾನ್ ಮೋಟಾರ್ಸ್‌ನವರು ಕಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಅದನ್ನು ಅಂಬಾಸಿಡರ್ ಅಂತ ಹೆಸರಿಟ್ಟು ತಯಾರಿಸೋಕೆ ಶುರುಮಾಡಿದರು. 2014ರಲ್ಲಿ ತಯಾರಿಕೆ ನಿಂತಿತು. ಮಂತ್ರಿಗಳಿಂದ ಹಿಡಿದು ಬಾಡಿಗೆ ಟ್ಯಾಕ್ಸಿಯವರವರೆಗೆ ಎಲ್ಲರೂ ಕೂತ ಕಾರು ಅದು.

ತಂದೆ ತೀರಿಕೊಂಡ ಮೇಲೆ ಕಾರು ಮನೆ ಹಿಂದಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಕೂತಿತ್ತು. ಮೇಲೆ ತೆಂಗಿನ ಗರಿ, ಒಳಗೆ ಇಲಿ ಸಂಸಾರ. ಎರಡು ವರ್ಷದ ಹಿಂದೆ ಸಾಹುಕಾರರಿಗೆ ಏನು ಅನ್ನಿಸಿತೋ, ಕಾರು ಎಬ್ಬಿಸೋಣ ಅಂತ ಹೊರಟರು. ಟಿಂಕರಿಂಗ್ ಆಯಿತು, ಪೇಂಟಿಂಗ್ ಆಯಿತು, ಸೀಟಿಗೆ ಹೊಸ ರೆಕ್ಸಿನ್ ಆಯಿತು, ಟೈರು ಬಂತು. ಎಂಜಿನ್ನು ಬಿಚ್ಚಿ ಪಿಸ್ಟನ್ ರಿಂಗು ಹಾಕಿಸಿದ್ದೂ ಆಯಿತು. ಎಲ್ಲ ಆದ ಮೇಲೆ ಶುರುವಾದದ್ದು ಈ ಕಿಡಿಯ ಕಾಟ.

ಮನೆಯಲ್ಲಿ ಎಂಬತ್ತೆರಡು ವರ್ಷದ ತಾಯಿ ಇದ್ದಾರೆ. ಕಾರು ಕೊಂಡ ಹೊಸತರಲ್ಲಿ ಗಂಡನ ಜೊತೆ ಮೊದಲು ಹೋದದ್ದು ಕೂಡ್ಲಿಗೆ, ತುಂಗೆ ಭದ್ರೆ ಕೂಡುವ ಜಾಗಕ್ಕೆ. ಈ ಸಲ ಯಜಮಾನರ ತಿಥಿಗೆ ಅದೇ ಕಾರಿನಲ್ಲಿ ಕೂಡ್ಲಿಗೆ ಹೋಗಿ ಹೊಳೆಯಲ್ಲಿ ಕಾಲು ತೊಳೆದು ಬರಬೇಕು ಅಂತ ಅವರ ಆಸೆ. ಆದರೆ ಅಶೋಕ ಸರ್ಕಲ್‌ನ ಸುದ್ದಿ ಮನೆಗೆ ಮುಟ್ಟಿದ ದಿನ ಅವರೇ ಹೇಳಿಬಿಟ್ಟರು: "ಬೇಡ ಬಿಡಪ್ಪ. ನಾನು ಬಸ್ಸಲ್ಲೇ ಹೋಗಿ ಬರ್ತೀನಿ."

ಮಗನಿಗೆ ಬಸ್ಸಿನವರ ನಗುಗಿಂತ ಈ ಮಾತೇ ಹೆಚ್ಚು ಚುಚ್ಚಿತು.

ಹಾಕಿದ್ದೇ ಹಾಕಿದ್ದು

ಕಾರು ನಿಲ್ಲತೊಡಗಿದ ಮೇಲೆ ಸಾಹುಕಾರರು ಸುಮ್ಮನೆ ಕೂತಿರಲಿಲ್ಲ. ಒಂದು ಗ್ಯಾರೇಜಿನವರು "ಪ್ಲಗ್ ಹೋಗಿದೆ" ಅಂದರು. ನಾಲ್ಕೂ ಪ್ಲಗ್ ಹೊಸದು ಬಂತು. ಕಾರು ನಿಂತಿತು. ಇನ್ನೊಬ್ಬರು "ಕಾಯಿಲ್ ವೀಕು" ಅಂದರು. ಹೊಸ ಕಾಯಿಲ್ ಬಂತು. ಕಾರು ಮತ್ತೆ ನಿಂತಿತು, ಈ ಸಲ ಇನ್ನೂ ಬೇಗ! "ಕಾರ್ಬುರೇಟರ್ ಕಸ" ಅಂದರು. ಎರಡು ಸಲ ಬಿಚ್ಚಿ ತೊಳೆದರು. ಪೆಟ್ರೋಲ್ ಪೈಪು, ಪೆಟ್ರೋಲ್ ಫಿಲ್ಟರು, ಬ್ಯಾಟರಿ... ಪಟ್ಟಿ ಬೆಳೆಯಿತು. ಅಂಗಡಿಯ ಗಲ್ಲಾಪೆಟ್ಟಿಗೆ ಕರಗಿತು.

ಕೊನೆಗೊಬ್ಬರು ಕೊಟ್ಟ ಸಲಹೆ: "ಈ ಎಂಜಿನ್ನೇ ತೆಗೆದು ಡೀಸೆಲ್ ಎಂಜಿನ್ ಕೂರಿಸಿ." ಅದಕ್ಕೆ ಹೇಳಿದ ರೊಕ್ಕ ಕೇಳಿ ಮನೆಯವರು ಕೈ ಮುಗಿದರು. ಅದೇ ವಾರ ಗುಜರಿಯವನು ಮನೆ ಬಾಗಿಲಿಗೆ ಬಂದು ಐದು ಸಾವಿರ ಮುಂಗಡ ಮೇಜಿನ ಮೇಲಿಟ್ಟು, "ಸೋಮವಾರ ಲಾರಿ ತರ್ತೀನಿ" ಅಂದು ಹೋದ. ಸಾಹುಕಾರರು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಅವತ್ತು ಗುರುವಾರ.

ಸಾಗರ ರಸ್ತೆ ಕಡೆಯ ತಗಡಿನ ಶೆಡ್ಡು

ಪಕ್ಕದ ಬಟ್ಟೆ ಅಂಗಡಿಯವರು ಹೇಳಿದರು: "ಸಾಗರ ರಸ್ತೆ ಕಡೆ ಒಬ್ಬ ಮುದುಕ ಮೇಸ್ತ್ರಿ ಇದಾರೆ. ಈಗ ಜಾಸ್ತಿ ಕೆಲಸ ಹಿಡಿಯಲ್ಲ. ಒಂದ್ಸಲ ತೋರಿಸಿ ನೋಡಿ. ನಷ್ಟ ಏನು?"

ಶುಕ್ರವಾರ ಬೆಳಿಗ್ಗೆ ಕಾರು ಹೇಗೋ ಶೆಡ್ಡು ಮುಟ್ಟಿತು. ಎಪ್ಪತ್ತು ದಾಟಿದ ಮೇಸ್ತ್ರಿ. ಜೊತೆಗೆ ಐ.ಟಿ.ಐ. ಓದುತ್ತಿರುವ ಮೊಮ್ಮಗ. ಮುದುಕರು ಬಾನೆಟ್ಟು ಎತ್ತಲೇ ಇಲ್ಲ. ಸ್ಟೂಲು ಎಳೆದು ಕೂತರು.

"ಯಾವಾಗ ನಿಲ್ಲುತ್ತೆ?"

"ಓಡ್ತಾ ಓಡ್ತಾ ನಿಲ್ಲುತ್ತೆ ಮೇಸ್ತ್ರಿ."

"ತಣ್ಣಗಿದ್ದಾಗಲೋ, ಬಿಸಿ ಆದ ಮೇಲೋ? ಏರಿನಲ್ಲೋ, ಸಮದಲ್ಲೋ? ನಿಲ್ಲೋಕೆ ಮುಂಚೆ ಜರ್ಕ್ ಹೊಡೆಯುತ್ತೋ, ದೀಪ ಆರಿದ ಹಾಗೆ ಒಂದೇ ಸಲಕ್ಕೆ ಹೋಗುತ್ತೋ?"

ಸಾಹುಕಾರರಿಗೆ ಉತ್ತರ ಗೊತ್ತಿರಲಿಲ್ಲ. ಇಷ್ಟು ದಿನ ಯಾರೂ ಕೇಳಿಯೂ ಇರಲಿಲ್ಲ! ಎಲ್ಲರೂ ಸಾಮಾನಿನ ಹೆಸರು ಹೇಳಿದ್ದರೇ ಹೊರತು ರೋಗದ ಲಕ್ಷಣ ಕೇಳಿದವರಿಲ್ಲ.

ಮೊಮ್ಮಗ ಮೆಲ್ಲಗೆ ಕೇಳಿದ, "ತಾತಾ, ಸ್ಕ್ಯಾನರ್ ಹಾಕೋಣ್ವಾ?"

"ಎಲ್ಲಿಗೆ ಹಾಕ್ತೀಯ ಮಗಾ, ಹಾರನ್ನಿಗಾ?" ಅಂದರು ತಾತ. ಈ ಕಾರಿನಲ್ಲಿ ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಇಲ್ಲಿ ಸ್ಕ್ಯಾನರ್ ಅಂದರೆ ಎರಡು ಕಣ್ಣು, ಎರಡು ಕಿವಿ, ಒಂದು ಟೆಸ್ಟ್ ಲ್ಯಾಂಪು.

ಕಿಡಿ ಹುಟ್ಟುವ ಬಗೆ

ಹಳೆ ಪೆಟ್ರೋಲ್ ಕಾರಿನಲ್ಲಿ ಕಿಡಿ ಹೇಗೆ ಹುಟ್ಟುತ್ತೆ ಅನ್ನೋದು ಓದುಗರಿಗೂ ಗೊತ್ತಿರಲಿ. ಬಹಳ ಕಷ್ಟದ ಲೆಕ್ಕವೇನಲ್ಲ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ ಏರ್ಪಾಡೇ ಮುಂದೆ ಏಳೆಂಟು ದಶಕ ಜಗತ್ತಿನ ಬಹುಪಾಲು ಕಾರುಗಳನ್ನು ಓಡಿಸಿತು.

ಬ್ಯಾಟರಿಯಲ್ಲಿರೋದು 12 ವೋಲ್ಟು. ಅದು ಪ್ಲಗ್ಗಿನ ಸಂದು ದಾಟೋಕೆ ಸಾಲದು. ಸಂದು ದಾಟೋಕೆ ಸಾವಿರಾರು ವೋಲ್ಟು ಬೇಕು. ಅದಕ್ಕೇ ಕಾಯಿಲ್. ಕಾಯಿಲ್ಲಿನೊಳಗೆ ತಾಮ್ರದ ತಂತಿಯ ಎರಡು ಸುತ್ತು: ಒಂದು ದಪ್ಪ, ಒಂದು ಕೂದಲಿನ ಹಾಗೆ ತೆಳು. ದಪ್ಪ ಸುತ್ತಿನಲ್ಲಿ ಬ್ಯಾಟರಿ ಕರೆಂಟು ಹರಿದು, ತಟಕ್ಕನೆ ಕಡಿದು ಹೋದರೆ, ತೆಳು ಸುತ್ತಿನಲ್ಲಿ ಸಾವಿರಾರು ವೋಲ್ಟು ಚಿಮ್ಮುತ್ತೆ. ಕಿಡಿ ಹುಟ್ಟೋದು ಕರೆಂಟು ಹರಿಯುವಾಗ ಅಲ್ಲ, ಕಡಿಯುವಾಗ!

ಕಡಿಯುವ ಕೆಲಸ ಪಾಯಿಂಟಿನದು. ಡಿಸ್ಟ್ರಿಬ್ಯೂಟರ್ ಡಬ್ಬದೊಳಗೆ ಎರಡು ಪುಟ್ಟ ಗುಂಡಿಗಳು ಕೂಡ್ತಾ ಬಿಡ್ತಾ ಇರುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಈ ಪಾಯಿಂಟು ಸೆಕೆಂಡಿಗೆ 100 ಸಲ ಬಡಿಯುತ್ತೆ. ಬಿಡುವಾಗ ಪಾಯಿಂಟೇ ಸುಟ್ಟು ಹೋಗದ ಹಾಗೆ ನೋಡಿಕೊಳ್ಳೋದು, ಕರೆಂಟು ಚುರುಕಾಗಿ ಕಡಿಯೋ ಹಾಗೆ ಮಾಡೋದು ಕಂಡೆನ್ಸರ್. ಹುಟ್ಟಿದ ಕಿಡಿಯನ್ನು 1-3-4-2 ಅನ್ನುವ ಸರದಿಯಲ್ಲಿ ಒಂದೊಂದು ಸಿಲಿಂಡರಿಗೆ ಹಂಚೋದು ರೋಟರ್.

ಇಷ್ಟರಲ್ಲಿ ಎಲ್ಲಿ ಒಂದು ಕೊಂಡಿ ಕಳಚಿದರೂ ಕಾರು ಅಶೋಕ ಸರ್ಕಲ್‌ನಲ್ಲಿ ನಿಂತ ಹಾಗೇ!

ಮೊದಲನೇ ಕಳ್ಳ ಸಿಕ್ಕಿದ

ಮೇಸ್ತ್ರಿ ಶುರುಮಾಡಿದ್ದು ಬುಡದಿಂದ. ಬ್ಯಾಟರಿ ಟರ್ಮಿನಲ್ ಉಜ್ಜಿದರು. ಎಂಜಿನ್ನಿಗೂ ಬಾಡಿಗೂ ಇರುವ ಅರ್ತ್ ಪಟ್ಟಿ ಬಿಚ್ಚಿ ನೋಡಿದರೆ ಅಡಿಯಲ್ಲಿ ಹೊಸ ಪೇಂಟು! "ಬಣ್ಣ ಹೊಡೆದವರು ಇದರ ಮೇಲೂ ಹೊಡೆದುಬಿಟ್ಟಿದಾರೆ. ಬಣ್ಣದ ಮೂಲಕ ಕರೆಂಟು ಹೋಗಲ್ಲ" ಅಂತ ತಗಡು ಕಾಣುವವರೆಗೆ ಕೆರೆದು ಬಿಗಿ ಮಾಡಿದರು. ಹಳೆ ಕಾರು ಹೊಸದು ಮಾಡುವವರು ಇದನ್ನು ಗಮನದಲ್ಲಿಡಬೇಕು.

ಆಮೇಲೆ ಕಾರು ಹತ್ತು ನಿಮಿಷ ನಿಂತಲ್ಲೇ ಓಡಲಿ ಅಂದರು. ಹತ್ತಾಯಿತು, ಹನ್ನೆರಡಾಯಿತು. ಎಂಜಿನ್ನು ಮಿಸ್ಸಿಂಗ್ ಹೊಡೆದು ನಿಂತಿತು. ಕೂಡಲೇ ಒಂದು ಪ್ಲಗ್ ಬಿಚ್ಚಿದರು. ಮೂತಿ ಪೆಟ್ರೋಲಿನಿಂದ ಒದ್ದೆ.

"ನೋಡು ಮಗಾ. ಪೆಟ್ರೋಲ್ ಬರ್ತಾ ಇದೆ. ಕಿಡಿ ಇಲ್ಲ. ಕಾರ್ಬುರೇಟರ್ ಸುದ್ದಿ ಇನ್ನು ಎತ್ತಬೇಡ."

ಕಾಯಿಲ್ ಮುಟ್ಟಿದರು. ಕೈ ಇಡೋಕಾಗದಷ್ಟು ಬಿಸಿ. ಮೊಮ್ಮಗನ ಮೀಟರಿನಲ್ಲಿ ಅಳೆಸಿದರೆ ಪ್ರೈಮರಿ ಸುತ್ತಿನ ರೆಸಿಸ್ಟೆನ್ಸು ಒಂದೂವರೆ ಓಮ್. ಈ ಕಾರಿಗೆ ಬೇಕಾದದ್ದು ಸುಮಾರು 3 ಓಮ್. ಒಂದೂವರೆ ಓಮಿನ ಕಾಯಿಲ್ ಇರೋದು, ಕರೆಂಟು ತಗ್ಗಿಸಲು ಬೇರೆ ರೆಸಿಸ್ಟರ್ ಇರುವ ಗಾಡಿಗಳಿಗೆ. ಇದರಲ್ಲಿ ಅದಿಲ್ಲ. ಪಾಯಿಂಟು ಕೂಡಿದಾಗ 4 ಆಂಪಿಯರ್ ಹರಿಯೋ ಜಾಗದಲ್ಲಿ 8 ಹರಿದರೆ ಕಾಯಿಲ್ ಕಾಯದೆ ಇನ್ನೇನಾದೀತು? ಪಾಯಿಂಟು ತೆಗೆದು ನೋಡಿದರೆ ಒಂದು ಗುಂಡಿಯ ಮೇಲೆ ಗುಡ್ಡ, ಇನ್ನೊಂದರಲ್ಲಿ ಗುಂಡಿ. ಪೂರ್ತಿ ಸುಟ್ಟಿತ್ತು.

"ಹಳೆ ಕಾಯಿಲ್ ಎಲ್ಲಿ?"

ಪುಣ್ಯಕ್ಕೆ ಸಾಹುಕಾರರು ಅದನ್ನು ಎಸೆದಿರಲಿಲ್ಲ. ಡಿಕ್ಕಿಯಲ್ಲೇ ಬಟ್ಟೆ ಸುತ್ತಿಟ್ಟಿದ್ದರು. ಅಳೆದರೆ ಮೂರು ಓಮ್ ಚಿಲ್ಲರೆ. ಸರಿಯಾಗೇ ಇತ್ತು! ಅಂದರೆ ಒಳ್ಳೇದನ್ನು ಬಿಚ್ಚಿ ದುಡ್ಡು ಕೊಟ್ಟು ರೋಗ ತಂದ ಹಾಗಾಯಿತು.

ಹಳೆ ಕಾಯಿಲ್ ಕೂತಿತು. ಹೊಸ ಪಾಯಿಂಟು, ಕಂಡೆನ್ಸರ್ ಬಂತು. ಫೀಲರ್ ಗೇಜಿನಿಂದ ಪಾಯಿಂಟ್ ಗ್ಯಾಪು 0.015 ಇಂಚು, ಪ್ಲಗ್ ಗ್ಯಾಪು 0.025 ಇಂಚು ಇಟ್ಟರು. ಪಾಯಿಂಟು ಬದಲಾಯಿಸಿದರೆ ಟೈಮಿಂಗೂ ಸರಿಯುತ್ತೆ. ಟೆಸ್ಟ್ ಲ್ಯಾಂಪ್ ಇಟ್ಟು ಅದನ್ನೂ ಕೂರಿಸಿದರು. ಕಾರು ಅರ್ಧ ಗಂಟೆ ನಿಂತಲ್ಲೇ ಗಡಿಯಾರದ ಹಾಗೆ ಓಡಿತು. ಸಾಹುಕಾರರ ಮುಖದಲ್ಲಿ ಬೆಳದಿಂಗಳು. ಮನೆಗೆ ಫೋನ್ ಮಾಡಿ "ಅಮ್ಮಾ, ಸರಿಯಾಯ್ತು" ಅಂದೂ ಬಿಟ್ಟರು.

ಆದರೆ ಅಲ್ಲೇ ತಪ್ಪಿದ್ದು.

ಗಾಜನೂರು ದಾರಿಯಲ್ಲಿ

ಶನಿವಾರ ಬೆಳಿಗ್ಗೆ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ಕಡೆ ಹೊರಟರು. ಸಾಹುಕಾರರ ಪಕ್ಕದಲ್ಲಿ ಮೇಸ್ತ್ರಿ, ಹಿಂದೆ ಮೊಮ್ಮಗ. ಊರು ದಾಟಿ ರಸ್ತೆ ಸಮ ಆಗಿ, ಕಾರು ನಲವತ್ತರ ಹದದಲ್ಲಿ ಹೋಗ್ತಾ ಇತ್ತು. ಧಡ್! ಧಡ್! ಜರ್ಕ್ ಹೊಡೆಯಿತು. ಕ್ಲಚ್ ಒತ್ತಿದ್ದೇ ಎಂಜಿನ್ನು ನಿಂತೇ ಹೋಯಿತು.

ಸಾಹುಕಾರರು ಸ್ಟೇರಿಂಗ್ ಮೇಲೆ ತಲೆ ಇಟ್ಟರು. "ಸಾಕು ಮೇಸ್ತ್ರಿ. ಸೋಮವಾರ ಲಾರಿ ಬರುತ್ತೆ. ಕೊಟ್ಟುಬಿಡ್ತೀನಿ."

ಮೇಸ್ತ್ರಿ ಬೀಡಿ ಹಚ್ಚಲಿಲ್ಲ, ಬೈಯಲಿಲ್ಲ. "ಇನ್ನೊಂದ್ಸಲ ಸ್ಟಾರ್ಟ್ ಮಾಡಿ" ಅಂದರು. ಮಾಡಿದ ಕೂಡಲೇ ಶುರುವಾಯಿತು! ಕಾಯಿಲ್ ಮುಟ್ಟಿ ನೋಡಿದರು. ಬೆಚ್ಚಗಿದೆ, ಸುಡೋದಿಲ್ಲ. ಬಿಸಿಯ ರೋಗ ಹೋಗಿದೆ. ಇದು ಬೇರೆ ರೋಗ.

"ಈಗ ನಾನು ಹೇಳಿದ ಹಾಗೆ ಮಾಡಿ. ಪೂರ್ತಿ ಒತ್ತಿ."

ಕಾರು ಎಳೆದುಕೊಂಡು ಹೋಯಿತು. ಒಂದು ಮಿಸ್ಸಿಂಗ್ ಇಲ್ಲ.

"ಈಗ ಅರ್ಧ ಬಿಡಿ."

ಧಡ್! ಧಡ್!

"ಕಾಲು ಪೂರ್ತಿ ತೆಗೀರಿ."

ಶಾಂತ.

ಮೂರು ಸಲ ಮಾಡಿಸಿದರು. ಮೂರು ಸಲವೂ ಹಾಗೇ. ಪೂರ್ತಿ ಒತ್ತಿದರೂ ಸರಿ, ಪೂರ್ತಿ ಬಿಟ್ಟರೂ ಸರಿ, ನಡುವೆ ಹಿಡಿದರೆ ಮಾತ್ರ ಜರ್ಕ್. ಮುದುಕರ ಕಣ್ಣು ಅರಳಿತು. "ಹೇಳಿದ ಹಾಗೆ ಕೇಳ್ತಾ ಇದೆ ಅಂದ್ರೆ ಸಿಕ್ಕಿಬಿದ್ದ ಹಾಗೇ ಸಾವ್ಕಾರ್ರೇ. ಯಾವಾಗ ಬೇಕೋ ಆವಾಗ ಬರೋ ರೋಗ ಕಷ್ಟ. ಕರೆದಾಗ ಬರೋ ರೋಗ ಸುಲಭ."

ಕಾರು ನಿಲ್ಲಿಸಿ ಬಾನೆಟ್ಟು ಎತ್ತಿದರು. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಪೈಪು ಕಿತ್ತು, ಕಾರ್ಬುರೇಟರ್ ಕಡೆಯ ಬಾಯಿಗೆ ಒಂದು ಸ್ಕ್ರೂ ಸಿಕ್ಕಿಸಿದರು. "ಈಗ ಹೊರಡಿ."

ಗಾಜನೂರಿನವರೆಗೆ ಕಾರು ಒಮ್ಮೆಯೂ ಜರ್ಕ್ ಹೊಡೆಯಲಿಲ್ಲ!

ಮಂತ್ರವಲ್ಲ, ತಂತಿ

ಆ ಪೈಪಿಗೂ ಕಿಡಿಗೂ ಏನು ಸಂಬಂಧ? ಬಸ್ಸಿಗೆ ಹೋಗುವವರಿಗೆ ಇದು ಬೇಗ ಅರ್ಥವಾದೀತು. ಒಂಬತ್ತು ಗಂಟೆಯ ಬಸ್ಸು ಹಿಡಿಯಬೇಕಾದರೆ ಒಂಬತ್ತಕ್ಕೆ ಮನೆ ಬಿಟ್ಟರೆ ಆಗೋದಿಲ್ಲ, ಹತ್ತು ನಿಮಿಷ ಮೊದಲೇ ಹೊರಡಬೇಕು. ಹಾಗೇ ಪಿಸ್ಟನ್ ಮೇಲೆ ಬಂದ ಮೇಲೆ ಕಿಡಿ ಕೊಟ್ಟರೆ ತಡವಾಯಿತು. ಪೆಟ್ರೋಲ್ ಉರಿದು ಹರಡೋಕೆ ಹೊತ್ತು ಬೇಕು, ಆದ್ದರಿಂದ ಕಿಡಿ ಸ್ವಲ್ಪ ಮುಂಚೆ ಬೇಕು. ಎಂಜಿನ್ನು ಹಗುರ ಕೆಲಸದಲ್ಲಿ ಅರ್ಧ ಒತ್ತಿನಲ್ಲಿ ಓಡುವಾಗ ಒಳಗೆ ಹೋಗುವ ಗಾಳಿ-ಪೆಟ್ರೋಲು ತೆಳ್ಳಗಿದ್ದು ನಿಧಾನವಾಗಿ ಉರಿಯುತ್ತೆ. ಆಗ ಕಿಡಿ ಇನ್ನೂ ಮುಂಚೆ ಬೇಕು. ಈ ಕೆಲಸಕ್ಕೇ ಆ ಪೈಪು. ಅರ್ಧ ಒತ್ತಿನಲ್ಲಿ ಕಾರ್ಬುರೇಟರಿನಲ್ಲಿ ಗಾಳಿಯ ಸೆಳೆತ ಹೆಚ್ಚು. ಆ ಸೆಳೆತ ಪೈಪಿನ ಮೂಲಕ ಬಂದು ಪಾಯಿಂಟು ಕೂತಿರುವ ತಟ್ಟೆಯನ್ನೇ ಸ್ವಲ್ಪ ತಿರುಗಿಸುತ್ತೆ. ಪೂರ್ತಿ ಒತ್ತಿದರೆ ಸೆಳೆತ ಇಲ್ಲ, ಪೂರ್ತಿ ಬಿಟ್ಟರೂ ಆ ತೂತಿಗೆ ಸೆಳೆತ ಇಲ್ಲ. ತಟ್ಟೆ ತನ್ನ ಜಾಗದಲ್ಲೇ ಇರುತ್ತೆ.

ಅಂದ ಮೇಲೆ ತಟ್ಟೆ ತಿರುಗಿದಾಗ ಮಾತ್ರ ಏನೋ ಕಡಿಯುತ್ತಿದೆ!

ಶೆಡ್ಡಿಗೆ ವಾಪಸ್ ಬಂದು ಡಿಸ್ಟ್ರಿಬ್ಯೂಟರ್ ಕ್ಯಾಪು ತೆಗೆದರು. ಎಂಜಿನ್ನನ್ನು ಹ್ಯಾಂಡಲ್ಲಿನಿಂದ ತಿರುಗಿಸಿ ಪಾಯಿಂಟು ಪೂರ್ತಿ ಕೂಡಿರುವ ಹಾಗೆ ನಿಲ್ಲಿಸಿದರು. ಕಾಯಿಲ್ಲಿನಿಂದ ಬರುವ ತಂತಿ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಗೆ, ಇನ್ನೊಂದು ತುದಿ ಡಿಸ್ಟ್ರಿಬ್ಯೂಟರ್ ಟರ್ಮಿನಲ್ಲಿಗೆ ಹಿಡಿದರು. ದೀಪ ಹತ್ತಿತು. ಕರೆಂಟು ಪಾಯಿಂಟು ದಾಟಿ ಅರ್ತ್ ಸೇರುತ್ತಿದೆ.

"ಮಗಾ, ಆ ಪೈಪು ಬಾಯಲ್ಲಿಟ್ಟು ಉಸಿರು ಒಳಗೆ ಎಳಿ."

ಹುಡುಗ ಎಳೆದ. ತಟ್ಟೆ ತಿರುಗಿತು. ದೀಪ ಆರಿತು! ಪಾಯಿಂಟು ಕೂಡಿಯೇ ಇದೆ, ಕಣ್ಣಿಗೆ ಕಾಣ್ತಾ ಇದೆ. ಆದರೂ ದೀಪ ಇಲ್ಲ. ಹುಡುಗ ಬಿಟ್ಟ. ದೀಪ ಹತ್ತಿತು. ಸಾಹುಕಾರರು ಬಗ್ಗಿ ನೋಡಿದರು. "ಇನ್ನೊಂದ್ಸಲ ಎಳಿಯಪ್ಪ" ಅಂತ ತಾವೇ ಹೇಳಿದರು. ಮತ್ತೆ ಆರಿತು.

ಟರ್ಮಿನಲ್ಲಿನಿಂದ ಪಾಯಿಂಟಿಗೆ ಎರಡು ಇಂಚು ಉದ್ದದ ಒಂದು ಪುಟ್ಟ ತಂತಿ ಹೋಗುತ್ತೆ. ಮೇಲಿನ ಬಟ್ಟೆಯ ಹೊದಿಕೆ ನೆಟ್ಟಗಿತ್ತು. ಮೇಸ್ತ್ರಿ ಅದನ್ನು ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಆರಿದ ದೀಪ ಹತ್ತುತ್ತಿತ್ತು. ಹೊದಿಕೆ ಸೀಳಿ ನೋಡಿದರೆ ಒಳಗಿನ ತಾಮ್ರದ ಎಳೆಗಳು ಪೂರ್ತಿ ತುಂಡಾಗಿ ಒಂದಕ್ಕೊಂದು ಬರೀ ತಾಗಿಕೊಂಡು ಕೂತಿದ್ದವು. ತಟ್ಟೆ ತಿರುಗಿದರೆ ಅಗಲುತ್ತವೆ, ಕಿಡಿ ಹೋಗುತ್ತೆ. ಎಂಜಿನ್ನು ನಿಂತರೆ ಸೆಳೆತ ಹೋಗಿ ತಟ್ಟೆ ವಾಪಸ್ ಬರುತ್ತೆ, ಮತ್ತೆ ತಾಗುತ್ತವೆ. ಅದಕ್ಕೇ ಬಸ್ಸು ಹೋದ ಮೇಲೆ ಕಾರು ಸ್ಟಾರ್ಟ್ ಆಗ್ತಾ ಇದ್ದದ್ದು. ಐದು ನಿಮಿಷ ಕಾಯಬೇಕಾಗಿಯೂ ಇರಲಿಲ್ಲ.

ಐವತ್ತು ವರ್ಷ ಆ ಕಡೆ ಈ ಕಡೆ ಬಾಗಿ ಬಾಗಿ ಸವೆದ ಎರಡಿಂಚಿನ ತಂತಿ! ಅದಕ್ಕಾಗಿ ಪ್ಲಗ್ ಹೋಯಿತು, ಕಾಯಿಲ್ ಹೋಯಿತು, ಕಾರ್ಬುರೇಟರ್ ಎರಡು ಸಲ ಬಿಚ್ಚಿತು, ಕಾರೇ ಗುಜರಿಗೆ ಹೋಗೋದರಲ್ಲಿತ್ತು.

"ಅಷ್ಟೇನಾ? ಮನೇಲಿ ಬೇಕಾದಷ್ಟು ವೈರಿದೆ, ತರ್ತೀನಿ" ಅಂದರು ಸಾಹುಕಾರರು.

"ಅದಾಗಲ್ಲ. ಮನೆ ವೈರು ಬಿರುಸು. ದಿನಾ ಸಾವಿರ ಸಲ ಬಾಗುತ್ತೆ, ಎರಡು ವಾರಕ್ಕೆ ತುಂಡಾಗುತ್ತೆ. ನೂಲಿನ ಹಾಗೆ ಬಹಳ ಎಳೆ ಇರೋದೇ ಬೇಕು" ಅಂತ ಮೇಸ್ತ್ರಿ ಬಿಸ್ಕತ್ ಡಬ್ಬ ತೆಗೆದರು. ಒಳಗೆ ಯಾವ್ಯಾವುದೋ ಕಾಲದ ಡಿಸ್ಟ್ರಿಬ್ಯೂಟರ್ ಸಾಮಾನು. ಒಂದು ಮೆತ್ತನೆ ತಂತಿ ಹುಡುಕಿ, ತಟ್ಟೆ ತಿರುಗುವಾಗ ಎಳೆಯದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಬೆಸುಗೆ ಹಾಕಿದರು. ತಟ್ಟೆಯನ್ನು ಅರ್ತ್ ಮಾಡುವ ಇನ್ನೊಂದು ತಂತಿಯನ್ನೂ ಬದಲಾಯಿಸಿದರು. "ಅದೂ ಇದರ ವಯಸ್ಸಿಂದೇ. ಇವತ್ತಲ್ಲ ನಾಳೆ ಹೋಗೋದೇ." ಹುಡುಗ ಮತ್ತೆ ಪೈಪು ಎಳೆದ. ದೀಪ ಆರಲಿಲ್ಲ.

ತಂತಿಗೆ ಎಷ್ಟು ಅಂತ ಕೇಳಿದರೆ, "ಅದಕ್ಕೆಂಥ ದುಡ್ಡು. ಎರಡು ದಿನದ ಕೂಲಿ ಕೊಡಿ, ಚಾ ತರಿಸಿ" ಅಂದರು ಮೇಸ್ತ್ರಿ.

ಹಳೆ ಗಾಡಿ ಇಟ್ಟುಕೊಂಡವರಿಗೆ

ಮೇಸ್ತ್ರಿ ಚಾ ಕುಡಿಯುತ್ತಾ ಹೇಳಿದ ನಾಲ್ಕು ಮಾತು ಹಳೆ ಕಾರು, ಹಳೆ ಜೀಪು ಇರುವವರಿಗೆಲ್ಲ ಉಪಯೋಗಕ್ಕೆ ಬರುತ್ತೆ.

ಒಂದು: ಗಾಡಿ ನಿಂತರೆ ಮೊದಲು ನೋಡಬೇಕಾದ್ದು ಪೆಟ್ರೋಲ್ ಇಲ್ಲವೋ, ಕಿಡಿ ಇಲ್ಲವೋ ಅನ್ನೋದು. ಬಿಚ್ಚಿದ ಪ್ಲಗ್ ಒದ್ದೆ ಇದ್ದರೆ ಕಿಡಿ ಕಡೆ ಹುಡುಕಿ, ಒಣಗಿದ್ದರೆ ಪೆಟ್ರೋಲ್ ಕಡೆ. ಕಿಡಿ ಪರೀಕ್ಷೆ ಮಾಡುವಾಗ ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು. ತಂತಿಯನ್ನು ಬರಿಗೈಯಲ್ಲಿ ಹಿಡಿಯಲೂಬಾರದು.

ಎರಡು: ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ. ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣ ಆಯಿತು, ಯಾವುದರಿಂದ ಕೆಟ್ಟಿತು ಅಂತ ದೇವರಿಗೂ ಗೊತ್ತಾಗಲ್ಲ. ತೆಗೆದ ಹಳೆ ಸಾಮಾನು ಎಸೆಯಬೇಡಿ.

ಮೂರು: ಹೊಸದು ಅಂದ ಮಾತ್ರಕ್ಕೆ ಸರಿ ಅಲ್ಲ. ಕಾಯಿಲ್ ಕೊಳ್ಳುವಾಗ ಎಷ್ಟು ಓಮ್ ಅಂತ ಕೇಳಿ. ಇಗ್ನಿಷನ್ ಕೀ ಹಾಕಿಟ್ಟು ಎಂಜಿನ್ ಓಡಿಸದೆ ಬಿಡಬೇಡಿ. ಪಾಯಿಂಟು ಕೂಡಿದ್ದರೆ ಕಾಯಿಲ್ ಸುಮ್ಮನೆ ಕಾಯುತ್ತೆ.

ನಾಲ್ಕು: ಮಲೆನಾಡಿನ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪು ತೆಗೆದು ಒಣ ಬಟ್ಟೆಯಿಂದ ಒರೆಸಿ. ಒಳಗೆ ಬೆವರಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತೆ. ಕ್ಯಾಪಿನಲ್ಲಿ ಪೆನ್ಸಿಲ್ ಗೀರಿನ ಹಾಗೆ ಕಪ್ಪು ಗೆರೆ ಕಂಡರೆ ಒರೆಸಿ ಪ್ರಯೋಜನ ಇಲ್ಲ, ಬದಲಾಯಿಸಬೇಕು.

ಸಾಮಾನು ಸಿಗೋದು ಈಗ ಸುಲಭವಲ್ಲ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಅಂತ ಬದಲಾದರೂ ಹಳೆ ಮೇಸ್ತ್ರಿಗಳ ಬಾಯಲ್ಲಿ ಪ್ಲಗ್ ಅಂದರೆ ಮೈಕೋನೇ. ಪ್ಲಗ್ ಹೇಗೋ ಸಿಕ್ಕೀತು. ಪಾಯಿಂಟು, ರೋಟರ್ ಬೇಕೆಂದರೆ ಊರೂರು ವಿಚಾರಿಸಬೇಕು. ಅದಕ್ಕಿಂತ ಕಷ್ಟ, ಅವನ್ನು ಕೂರಿಸುವ ಕೈ ಸಿಗೋದು. ಧರ್ಮಸ್ಥಳದಲ್ಲಿ ಸಂಗ್ರಹಿಸಿಟ್ಟ ಹಳೆ ಕಾರುಗಳನ್ನು ನೋಡಿ ಆಶ್ಚರ್ಯಪಡುವವರು ಬಹಳ. ಅವುಗಳ ಬಾನೆಟ್ಟಿನೊಳಗಿನ ವಿದ್ಯೆ ಬಲ್ಲವರು ಕೆಲವರೇ.

ಇನ್ನು ಕಾಯಿದೆ ಮಾತು. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹಾಗೆ ಮಾಡಿದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬೇಕು. ದಿನಾ ಅಂಗಡಿಗೆ ಓಡಿಸೋ ಹಾಗಿಲ್ಲ. ಡೀಸೆಲ್ ಎಂಜಿನ್ ಹಾಕಿಸಿ ಮೂಲ ರೂಪ ಕೆಡಿಸಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು.

ಸೋಮವಾರ

ಭಾನುವಾರ ಸಂಜೆ ಸಾಹುಕಾರರು ಗುಜರಿಯವನ ಮನೆಗೆ ಹೋಗಿ ಐದು ಸಾವಿರ ವಾಪಸ್ ಕೊಟ್ಟರು. ಅವನು ಎಣಿಸಿಕೊಂಡು, "ಇವತ್ತಲ್ಲ ನಾಳೆ ಬರುತ್ತೆ ಬಿಡಿ" ಅಂತ ನಕ್ಕ.

ತಿಥಿಯ ದಿನ ಬೆಳಿಗ್ಗೆ ತಾಯಿ ಕಾರಿನ ಹಿಂದಿನ ಎಡಗಡೆ ಸೀಟಿನಲ್ಲಿ ಕೂತರು. ಅದು ಅವರ ಹಳೆ ಜಾಗ. ಸೊಸೆ ಒಂದು ಕೈಚೀಲದಲ್ಲಿ ಬಸ್ಸಿನ ಚಿಲ್ಲರೆಯನ್ನೂ ಇಟ್ಟುಕೊಂಡಿದ್ದಳು, ಯಾವುದಕ್ಕೂ ಇರಲಿ ಅಂತ. ಹೊಳೆಹೊನ್ನೂರು ರಸ್ತೆ ಹಿಡಿದು ಕೂಡ್ಲಿಗೆ ಹದಿನೈದು ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ಮುದುಕಿ ಮಾತಾಡಲಿಲ್ಲ. ಮಗ ಅರ್ಧ ಒತ್ತಿನಲ್ಲಿ ಹಿಡಿದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದ. ಕಾರು ಒಂದು ಸಲವೂ ಮುಗ್ಗರಿಸಲಿಲ್ಲ. ಸಂಗಮದಲ್ಲಿ ಇಳಿದಾಗ ತಾಯಿ ಬಾನೆಟ್ಟಿನ ಮೇಲೆ ಒಮ್ಮೆ ಕೈ ಇಟ್ಟು, "ಸದ್ದು ಹಾಗೇ ಇದೆ ಕಣೋ, ಅವರಿದ್ದಾಗ ಇದ್ದ ಹಾಗೇ" ಅಂದರು.

ವಾಪಸ್ ಬರುವಾಗ ಅಶೋಕ ಸರ್ಕಲ್‌ನಲ್ಲಿ ಸಿಗ್ನಲ್ಲಿಗೆ ನಿಂತರು. ಪಕ್ಕದಲ್ಲೇ ಅದೇ ಸಿಟಿ ಬಸ್ಸು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳಿದ:

"ಏನ್ ಸಾವ್ಕಾರ್ರೇ, ಇವತ್ತು ತಳ್ಳೋದು ಬೇಡ್ವಾ?"

ಹಸಿರು ದೀಪ ಬಿತ್ತು. ಅಂಬಾಸಿಡರ್ ಬಸ್ಸಿಗಿಂತ ಮೊದಲು ಹೊರಟಿತು.